ನಾನು ತೊಳೆದ ಭಂಡಾರದ ಚೀಲ

ತೆಲುಗು ನಾಡು ಒಡೆದು ಹೊಸ ರಾಜ್ಯ ರಚನೆಯಾದ ಮರುವರ್ಷ ನಮ್ಮ ಶಾಲೆಗೆ ಇತಿಹಾಸದ ಪಠ್ಯಪುಸ್ತಕ ಬರಲಿಲ್ಲ. ತೆಲುಗು ಮಾಧ್ಯಮದ ಕೊಠಡಿಗಳಿಗೆ ಪುಸ್ತಕದ ಕಟ್ಟುಗಳು ಬಂದು ಇಳಿದವು. ಕನ್ನಡ ಮಾಧ್ಯಮದ ನಮಗೆ, ಅನುವಾದ ನಡೆದಿದೆ, ಕಾಯಿರಿ ಎಂಬ ಮಾತು ಮಾತ್ರ ಬಂತು. ಮಕ್ತಲ್‌ನಿಂದ ಮಾಗನೂರಿನ ಕಡೆಗೆ ಹೋಗುವ ರಸ್ತೆಯ ಬದಿಯ ಆ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಮತ್ತು ಇತಿಹಾಸ ಎರಡನ್ನೂ ಕಲಿಸುತ್ತಿದ್ದೆ. ಮನೆ ನಾರಾಯಣಪೇಟೆಯಲ್ಲಿ. ದಿನವೂ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಪ್ರಾರ್ಥನೆಯ ಗಂಟೆ ಬಾರಿಸುವ ಮುನ್ನ ನಾನು ತಲುಪದ ದಿನ ಒಂದೂ ಇರಲಿಲ್ಲವೆಂದು ಆಗ ಹೆಮ್ಮೆಪಡುತ್ತಿದ್ದೆ. ತರಗತಿಯಲ್ಲಿ ಗ್ರಂಥಸ್ಥ ಕನ್ನಡದ ಹೊರತು ಬೇರೆ ಮಾತನ್ನು ಆಡುತ್ತಿರಲಿಲ್ಲ. ‘ನಮ್ಮ ಸಾರ್ ಬೈದ್ರೂ ಪುಸ್ತಕ ಓದಿದಂಗ ಇರ್ತೈತಿ’ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು.

ಪುಸ್ತಕವಿಲ್ಲದೆ ದಸರಾ ಕಳೆಯಿತು. ನಾರಾಯಣಪೇಟೆಯ ತರಬೇತಿಯೊಂದರಲ್ಲಿ, ಪಾಠವನ್ನು ಚಟುವಟಿಕೆಯ ಮೂಲಕ ಮಾಡಿ ಎಂದು ಹೇಳಿದ್ದರು. ಅಂಥ ಮಾತಿಗೆ ನಾನು ಬೆಲೆ ಕೊಟ್ಟವನಲ್ಲ. ಆಟವಾಡಿದರೆ ಆಟವೇ ಬರುತ್ತದೆ, ವಾಕ್ಯ ಬರುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಆದರೆ ಬೇರೆ ದಾರಿ ಇರಲಿಲ್ಲ. ಮಾಡುವುದೇ ಆದರೆ ಕ್ರಮವಾಗಿ ಮಾಡಬೇಕೆಂದು ಹತ್ತನೆಯ ತರಗತಿಯ ಕೊಠಡಿಯನ್ನೇ ವಸ್ತುಸಂಗ್ರಹಾಲಯ ಮಾಡಲು ನಿಶ್ಚಯಿಸಿದೆ. ಬಾಗಿಲಿನಿಂದ ಕರಿಹಲಗೆಯವರೆಗೆ ನೆಲದ ಮೇಲೆ ಸುಣ್ಣದ ಗೆರೆ. ಬಾಗಿಲ ಬಳಿ ಇಂದು. ಕರಿಹಲಗೆಯ ಬಳಿ ಅಜ್ಜನ ಅಜ್ಜನ ಕಾಲ. ಪ್ರತಿಯೊಬ್ಬರೂ ಮನೆಯಿಂದ ಹಳೆಯ ವಸ್ತುವೊಂದನ್ನು ತರಬೇಕು. ಅದರ ವಯಸ್ಸನ್ನು ಮನೆಯ ಹಿರಿಯರಿಂದ ಕೇಳಿ ತಿಳಿದು, ಚೀಟಿ ಬರೆದು ಅಂಟಿಸಿ, ಗೆರೆಯ ಪಕ್ಕದ ಬೆಂಚಿನ ಮೇಲೆ ತಕ್ಕ ಸ್ಥಳದಲ್ಲಿಟ್ಟು, ಹಿಂದೆ ನಿಲ್ಲಬೇಕು. ನೋಡಲು ಬಂದವರು ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ: ಇದು ಏನು, ಯಾರು ಬಳಸಿದರು, ಏನು ಬದಲಾಗಿದೆ. ಇಂಗ್ಲಿಷಿನಲ್ಲೇ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕು.

“ನಮ್ಮ ಮನ್ಯಾಗ ಹಳೇದು ಅಂದ್ರ ನಮ್ಮಜ್ಜಿ ಒಬ್ಬಾಕಿನ ಅದಾಳ್ರಿ ಸಾರ್. ಕರ್ಕೊಂಡು ಬರ್ಲೇನ್ರಿ?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

“ಕರೆದುಕೊಂಡು ಬಾ. ಚೀಟಿಯನ್ನು ಅವರಿಗೆ ಅಂಟಿಸುವವನು ಮಾತ್ರ ನೀನೇ” ಎಂದೆ. ತರಗತಿ ನಕ್ಕಿತು. ನನ್ನ ತರಗತಿಯಲ್ಲಿ ಮಕ್ಕಳು ನಕ್ಕದ್ದು ಅಪರೂಪ. ಅದಕ್ಕೇ ಆ ಮಾತು ನೆನಪಿನಲ್ಲಿ ಉಳಿದಿದೆ.

ಆ ತರಗತಿಯಲ್ಲಿ ಕುರಿಗಾಹಿಗಳ ಮನೆಯ ಹುಡುಗಿಯೊಬ್ಬಳಿದ್ದಳು. ಅವರ ಮನೆಯಲ್ಲಿ ಹತ್ತನೆಯ ತರಗತಿಯ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಸುಗ್ಗಿಯಾದ ಮೇಲೆ ಅವಳ ತಂದೆ ತಾಯಿ ಹಿಂಡನ್ನು ಹೊಡೆದುಕೊಂಡು ಕೃಷ್ಣೆಯ ಕಡೆಗೆ, ಜೂರಾಲದ ಹಿನ್ನೀರಿನ ಬದಿಗೆ ಹೋಗಿಬಿಡುತ್ತಿದ್ದರು. ಮಳೆಗಾಲ ಹತ್ತಿರ ಬಂದಾಗಲೇ ಮರಳುವುದು. ಹಿಂದಿನ ವರ್ಷಗಳಲ್ಲಿ ಅವಳೂ ಜೊತೆಗೆ ಹೋಗಿ, ಪರೀಕ್ಷೆಯ ಹೊತ್ತಿಗೆ ಹೇಗೋ ಬಂದು ಬರೆದು ಪಾಸಾಗಿದ್ದಳು. ಹತ್ತನೆಯದು ಹಾಗೆ ನಡೆಯುವುದಿಲ್ಲವೆಂದು ನಾನು ಜೂನ್ ತಿಂಗಳಲ್ಲಿಯೇ ಅವರ ಮನೆಗೆ ಹೋಗಿ ಹೇಳಿದ್ದೆ. ಬಾಲಕಿಯರ ವಸತಿ ಶಾಲೆ ಇತ್ತಾದರೂ ಅದು ತೆಲುಗು ಮಾಧ್ಯಮದ್ದು. ಆಗ ಅವಳ ಅಜ್ಜ, ಮನೆದೇವರಾದ ಬೀರಪ್ಪನನ್ನೂ ಮೈಲಾರನನ್ನೂ ಪೂಜಿಸುವ ಹಿರಿಯ, ಹೇಳಿದ್ದ:

“ಆತು ಬಿಡ್ರಿ ಮಾಸ್ತರ್ರ. ಈ ವರ್ಷ ಕುರಿ ಹಿಂದ ನಾ ಹೋಗಲ್ಲ. ಊರಾಗ ಇರ್ತೀನಿ. ಅಕಿ ನನಗ ರೊಟ್ಟಿ ಬಡೀಲಿ, ನಾ ಅಕಿಗೆ ಕಾವಲಿರ್ತೀನಿ.”

ಅವಳ ಓದೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಅಜ್ಜ ಊರಿನಲ್ಲಿದ್ದರೆ ಅವಳು ಶಾಲೆಯಲ್ಲಿ. ಅಜ್ಜ ಹೊರಟರೆ ಬೀಗ ಹಾಕಿದ ಮನೆಯಲ್ಲಿ ಒಬ್ಬಳನ್ನೇ ಬಿಡುವವರು ಯಾರೂ ಇರಲಿಲ್ಲ.

ವಸ್ತುಗಳು ಬರತೊಡಗಿದವು. ಒಬ್ಬಳು ಮಗ್ಗದ ಲಾಳಿ ತಂದಳು. ತಳವಾರನಾಗಿದ್ದ ಮುತ್ತಜ್ಜ ಎದೆಗೆ ಕಟ್ಟಿಕೊಳ್ಳುತ್ತಿದ್ದ, ಉರ್ದು ಅಕ್ಷರ ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಇನ್ನೊಬ್ಬ ತಂದ. ಕಂದೀಲು, ಜೋಳ ಅಳೆಯುವ ಸೇರು, ಬೀಸುಕಲ್ಲಿನ ಗೂಟ. ನಾನು ಉದ್ದನೆಯ ನೋಂದಣಿ ಪುಸ್ತಕವೊಂದರಲ್ಲಿ ಗೆರೆ ಎಳೆದು ಕ್ರಮಸಂಖ್ಯೆ, ವಸ್ತು, ತಂದವರು, ಬಂದಾಗಿನ ಸ್ಥಿತಿ, ಮರಳಿಸಿದಾಗಿನ ಸ್ಥಿತಿ, ಪಡೆದವರ ಸಹಿ ಎಂದು ಕಾಲಂಗಳನ್ನು ಮಾಡಿದೆ.

ಅವಳು ತಂದದ್ದು ಹದಿನೇಳನೆಯ ವಸ್ತು: ಕರಿಯ ಉಣ್ಣೆಯಲ್ಲಿ ನೇಯ್ದ, ಅಂಗೈಯಷ್ಟು ಅಗಲದ ಒಂದು ಚೀಲ. ಅದರೊಳಗೆ ಭಂಡಾರ, ಅಂದರೆ ದೇವರ ಅರಿಸಿನ, ಇರುತ್ತದೆ. ಅವಳ ಹಿಂದೆಯೇ ಅಜ್ಜನೂ ಗೇಟಿನವರೆಗೆ ಬಂದಿದ್ದ.

“ಮನಿ ಬಿಟ್ಟು ಹೊರಗ ಕಳಿಸೋದಲ್ಲ ಇದು. ಅಕಿ ಹಟ ಹಿಡದಾಳ. ಹೆಂಗ ಬಂತೋ ಹಂಗ ಮನಿಗೆ ಬರಬೇಕ್ರಿ ಮಾಸ್ತರ್ರ” ಎಂದ.

“ಹೇಗೆ ಬಂದಿದೆಯೋ ಹಾಗೆಯೇ ಮರಳುತ್ತದೆ. ಬರೆದಿಟ್ಟುಕೊಂಡಿದ್ದೇನೆ” ಎಂದು ಪುಸ್ತಕ ತೋರಿಸಿದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಬಗ್ಗಿ ನೋಡಿ ತಲೆದೂಗಿದ.

ಹುಡುಗಿ ನನಗೆ ನಿಯಮಗಳನ್ನು ಹೇಳಿದಳು. “ನೆಲದ ಮ್ಯಾಲ ಇಡಬಾರ್ದ್ರಿ ಸಾರ್. ಚಪ್ಪಲಿ ಮೆಟ್ಟಿ ಮುಟ್ಟಬಾರ್ದ್ರಿ. ಎಂಜಲಗೈ ತಾಗಬಾರ್ದ್ರಿ.” ಆ ಮೂರನ್ನೂ ನಾನು ಬರೆದುಕೊಂಡೆ. ಅಭ್ಯಾಸದ ದಿನ ಅವಳ ಇಂಗ್ಲಿಷ್ ಎಲ್ಲರಿಗಿಂತ ಸ್ವಚ್ಛವಾಗಿತ್ತು. ಮೂರನೆಯ ಪ್ರಶ್ನೆಗೆ ಮಾತ್ರ ಅವಳು ‘ನಥಿಂಗ್ ಹ್ಯಾಜ್ ಚೇಂಜ್ಡ್’ ಎಂದಳು.

“ಏನಾದರೂ ಬದಲಾಗಿರಲೇಬೇಕು. ಇತಿಹಾಸ ಎಂದರೆ ಅದೇ” ಎಂದೆ.

“ಇಲ್ರಿ ಸಾರ್. ಏನೂ ಬದಲಾಗಿಲ್ರಿ” ಎಂದಳು. ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಉತ್ತರ. ವಾಕ್ಯ ಶುದ್ಧವಾಗಿದ್ದುದರಿಂದ ಬಿಟ್ಟುಬಿಟ್ಟೆ. ಯಾಕೆ ಹಾಗೆನ್ನುತ್ತೀ ಎಂದು ಕೇಳಲಿಲ್ಲ.

ಮರುದಿನ ಪೋಷಕರು ಬರುವವರಿದ್ದರು. ಶಾಲೆ ಬಿಟ್ಟ ಮೇಲೆ ನಾನೊಬ್ಬನೇ ಉಳಿದು ಬೆಂಚುಗಳಿಗೆ ಮನೆಯಿಂದ ತಂದ ಬಿಳಿ ಪಂಚೆಗಳನ್ನು ಹಾಸಿದೆ. ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ಬೆಳಗಿದೆ; ಕಂದೀಲಿನ ಗಾಜು ಒರೆಸಿದೆ. ಹದಿನೇಳನೆಯ ವಸ್ತುವನ್ನು ಎತ್ತಿಟ್ಟಲ್ಲೆಲ್ಲ ಪಂಚೆಯ ಮೇಲೆ ಹಳದಿ ಕಲೆ ಬೀಳುತ್ತಿತ್ತು. ಬಾಯಿಯ ದಾರ ಬಿಚ್ಚಿ ನೋಡಿದೆ. ಮೇಲೆ ಹೊಸ ಅರಿಸಿನ. ಕೆಳಗೆ ಇಳಿದಂತೆ ಬಣ್ಣ ಕಂದಿ, ತಳದಲ್ಲಿ ಮಣ್ಣಿನಂತೆ ಕಪ್ಪಾಗಿ ಗಟ್ಟಿಯಾಗಿತ್ತು.

ನಮ್ಮ ಮನೆಯವರು ರಾಯಚೂರು ಕಡೆಯಿಂದ ವ್ಯಾಪಾರಕ್ಕೆ ಬಂದು ನೆಲೆಸಿದ ಶೈವರು. ನಮ್ಮಲ್ಲಿ ಪ್ರತಿ ಸೋಮವಾರ ವಿಭೂತಿಯ ಬಟ್ಟಲನ್ನು ತೊಳೆಯುತ್ತಾರೆ. ಹಳೆಯ ಪುಡಿಯನ್ನು ತುಳಿಯದ ಜಾಗದಲ್ಲಿ, ಗಿಡದ ಬುಡಕ್ಕೆ ಹಾಕಿ ಹೊಸ ಗಟ್ಟಿ ಇಡುತ್ತಾರೆ. ದೇವರ ಸಾಮಾನು ಎಂದರೆ ತೊಳೆದದ್ದು ಎಂದೇ ನಾನು ಬೆಳೆದದ್ದು. ಆದ್ದರಿಂದ ಚಪ್ಪಲಿ ಬಿಟ್ಟೆ. ಕೈ ತೊಳೆದುಕೊಂಡೆ. ಚೀಲವನ್ನು ನೆಲಕ್ಕೆ ತಾಗಿಸದೆ ನಲ್ಲಿಯ ಬಳಿಯ ಬೇವಿನ ಮರಕ್ಕೆ ಒಯ್ದು, ತಳದ ಗಟ್ಟಿಯನ್ನು ಬೆರಳಿನಿಂದ ಕೆರೆದು, ಪೂರ್ತಿಯಾಗಿ ಬುಡಕ್ಕೆ ಕೊಡವಿದೆ. ಸಾಬೂನು ಹಚ್ಚಿ ಮೂರು ನೀರಿನಲ್ಲಿ ತೊಳೆದೆ. ಕಿಟಕಿಯ ಸರಳಿಗೆ ಕಟ್ಟಿ ಒಣಗಿಸಿದೆ. ಅವಳು ಹೇಳಿದ ಮೂರು ನಿಯಮಗಳಲ್ಲಿ ಒಂದನ್ನೂ ನಾನು ಮೀರಲಿಲ್ಲ.

ಬೆಳಿಗ್ಗೆ ಅವಳು ಬಂದು ತನ್ನ ಬೆಂಚಿನ ಹಿಂದೆ ನಿಂತಳು. ಚೀಲವನ್ನು ಎತ್ತಿದಳು. ಅದು ಹಗುರಾಗಿತ್ತು.

“ಒಳಗಿಂದು ಎಲ್ಲೈತ್ರಿ ಸಾರ್?”

“ಹಳೆಯದಾಗಿತ್ತು. ಮರದ ಬುಡಕ್ಕೆ ಹಾಕಿದ್ದೇನೆ. ಹೊಸ ಅರಿಸಿನ ತುಂಬಿಕೊಳ್ಳಬಹುದು. ಈಗ ನೋಡು, ನೇಯ್ಗೆ ಎಷ್ಟು ಚೆನ್ನಾಗಿ ಕಾಣುತ್ತಿದೆ.”

ಅವಳು ಚೀಲವನ್ನು ಮತ್ತೆ ಪಂಚೆಯ ಮೇಲಿಟ್ಟಳು. ಪೋಷಕರು ಬಂದರು. ತೆಲುಗು ಮಾಧ್ಯಮದ ಸಹೋದ್ಯೋಗಿಯೊಬ್ಬರು ಎಲ್ಲರಿಗಿಂತ ಮುಂದೆ ನಡೆದು, “ಚಾಲಾ ಬಾಗುಂದಿ ಸಾರೂ” ಎಂದು ಮೆಚ್ಚುತ್ತ ಒಂದೊಂದು ಬೆಂಚಿನ ಎದುರೂ ನಿಂತು ಪ್ರಶ್ನೆ ಕೇಳುತ್ತಿದ್ದರು. ಅವಳು ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟಳು. ‘ವಾಟ್ ಹ್ಯಾಜ್ ಚೇಂಜ್ಡ್?’ ಎಂದಾಗ ಬಾಯಿ ತೆರೆದು, ಹಾಗೆಯೇ ಮುಚ್ಚಿದಳು. “ಮರೆತಿದ್ದಾಳೆ, ನಿನ್ನೆ ಬಂದಿತ್ತು” ಎಂದು ನಾನು ಸಮಜಾಯಿಷಿ ಹೇಳಿದೆ.

ಅಷ್ಟರಲ್ಲಿ ಅಜ್ಜ ಒಳಗೆ ಬಂದ. ಕಂಬಳಿಯನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡು ಸುಣ್ಣದ ಗೆರೆಯನ್ನು ತುಳಿಯದೆ ನಡೆದು, ಮೊಮ್ಮಗಳ ಎದುರು ನಿಂತ. ಚೀಲವನ್ನು ನೋಡಿ, “ಇದು ನಮ್ದಲ್ಲ” ಎಂದ. ಆಮೇಲೆ ಮೂಗಿನ ಹತ್ತಿರ ಹಿಡಿದ. “ಸಬ್ಬಕಾರದ ವಾಸನಿ ಬರ್ತೈತಿ.” ಎರಡು ಬೆರಳು ಒಳಗೆ ಹಾಕಿದ, ತಳ ಮುಟ್ಟಿ ಹೊರಗೆ ತೆಗೆದು ನೋಡಿಕೊಂಡ. ಬೆರಳಿಗೆ ಏನೂ ಹತ್ತಿರಲಿಲ್ಲ.

“ಯಾರು ಖಾಲಿ ಮಾಡಿದ್ರು?”

“ನಾನು” ಎಂದೆ. “ಸ್ವಚ್ಛ ಮಾಡಲೆಂದು.”

ಅಜ್ಜ ಕೂಗಾಡಲಿಲ್ಲ. ಅವನು ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ: “ಇದನ್ನ ತೊಳೆಯಂಗಿಲ್ಲ ಮಾಸ್ತರ್ರ. ತೀರಾಕ ಬಿಡಂಗಿಲ್ಲ. ಮ್ಯಾಲ ಹೊಸಾದು ಹಾಕ್ಕೊಂತ ಹೋಗೋದು, ಹಳೇದು ತಳದಾಗ ಇರೋದು. ನಮ್ಮಪ್ಪ ಹಾಕಿದ್ದು, ಅವರಪ್ಪ ಹಾಕಿದ್ದು, ಎಲ್ಲಾ ಅದರಾಗಿತ್ತು.”

“ನನಗೆ ಯಾರೂ ಹೇಳಲಿಲ್ಲ” ಎಂದೆ.

“ಹೇಳೋದೇನೈತ್ರಿ ಅದರಾಗ. ಖಾಲಿ ಮಾಡ್ತಾರಂತ ಯಾರಿಗೆ ಗೊತ್ತಿತ್ತು.”

ಬೇವಿನ ಬುಡಕ್ಕೆ ಕರೆದುಕೊಂಡು ಹೋದೆ. ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ಮುನ್ನ ಕಾಲು ತೊಳೆದ ನೀರು ಅಲ್ಲಿಯೇ ಹರಿದಿತ್ತು. ಕೆಸರಿನಲ್ಲಿ ಎಲ್ಲಿಯೂ ಹಳದಿ ಉಳಿದಿರಲಿಲ್ಲ. ಅವನು ಕುಕ್ಕರಗಾಲಿನಲ್ಲಿ ಕುಳಿತು ಸ್ವಲ್ಪ ಹೊತ್ತು ಹುಡುಕಿದ. ನಂತರ ಎದ್ದು ಚೀಲವನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡು ಹೊರಟುಹೋದ. ನೋಂದಣಿ ಪುಸ್ತಕದಲ್ಲಿ ಸಹಿ ಆಗಬೇಕಿತ್ತೆಂದು ನನಗೆ ನೆನಪಾದದ್ದು, ಹೇಳಲು ನಾಚಿಕೆಯಾಗುತ್ತದೆ, ಅವನು ಗೇಟು ದಾಟುವಾಗಲೇ.

ಆ ವಾರವೇ ಅವರ ಮನೆಗೆ ಹೋದೆ. “ಬರ್ರಿ ಮಾಸ್ತರ್ರ, ಕುಂದರ್ರಿ” ಎಂದು ಎಂದಿನಂತೆಯೇ ಕಂಬಳಿ ಹಾಸಿ, ನೀರು ಕೊಟ್ಟರು. ಯಾರೂ ಬೈಯಲಿಲ್ಲ. ಅಜ್ಜ ನನಗೆ ವಿಷಯವನ್ನು ವಿವರಿಸಿದ. ಅವರ ಮನೆತನದಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಹಿರಿಯ ಚೀಲದಿಂದ ಒಂದು ಹಿಡಿ ತೆಗೆದು ಹೊಸ ಮನೆಯ ಚೀಲಕ್ಕೆ ಹಾಕುತ್ತಾರೆ. ಹಾಗೆ ಈ ಚೀಲದ ಭಂಡಾರ ಹೋದ ಮನೆಗಳು ಮಕ್ತಲ್ ಸುತ್ತಿನಲ್ಲಿ ಕೆಲವು, ನದಿಯಾಚೆ ಗದ್ವಾಲ ಕಡೆಗೆ ಕೆಲವು ಇವೆ. ಈಗ ಹಿರಿಯ ಮನೆಯೇ ಬರಿದಾಗಿದೆ. ಕೊಟ್ಟ ಕೈಯನ್ನು ಚಾಚಿ ಆ ಮನೆಗಳಿಂದ ಚಿಟಿಕೆ ಚಿಟಿಕೆ ಬೇಡಿ ತರಬೇಕು, ನಡೆದೇ ಹೋಗಬೇಕು, ಆಮೇಲೆ ಗಡಿಯಾಚೆಯ ಮೈಲಾರನ ಗುಡ್ಡಕ್ಕೆ ಒಯ್ದು ತರಬೇಕು. ಮನೆಯ ಹಿರಿಯನ ಹೊರತು ಬೇರೆಯವರು ಹೋಗುವಂತಿಲ್ಲ.

“ಎಷ್ಟು ದಿನವಾಗುತ್ತದೆ?” ಎಂದೆ.

“ಕಾಲು ಎಷ್ಟು ನಡೀತಾವೋ ಅಷ್ಟು. ವಯಸ್ಸಾತಲ್ರಿ.”

“ಪರೀಕ್ಷೆ ಮುಗಿದ ಮೇಲೆ ಹೋಗಬಹುದಲ್ಲವೇ?”

ಆಗ ಮಾತ್ರ ಅವನು ನನ್ನ ಮುಖವನ್ನು ನೇರವಾಗಿ ನೋಡಿದ. “ಬರಿದಾದ ಚೀಲದ ಮುಂದ ದೀಪ ಹಚ್ಚಾಕ ಬರ್ತೈತೇನ್ರಿ?”

ಹುಡುಗಿ ಒಲೆಯ ಬಳಿ ಕುಳಿತಿದ್ದಳು. ಅವಳಿಗೆ ನನಗಿಂತ ಮೊದಲೇ ಲೆಕ್ಕ ಗೊತ್ತಿತ್ತು. ಅಜ್ಜ ಹೊರಟರೆ ಅವಳು ಹಿಂಡಿನ ಜೊತೆಗೆ. ನನ್ನ ನಾರಾಯಣಪೇಟೆಯ ಮನೆಯಲ್ಲಿ ಇರಲಿ, ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ ಎಂದೆ. ಅವಳ ತಾಯಿ ಬಾಗಿಲ ಮರೆಯಿಂದ ಮೃದುವಾಗಿ, “ನಿಮ್ಮ ಮಾತು ದೊಡ್ಡದ್ರಿ ಸಾರ್. ಆದ್ರ ಇನ್ನೊಮ್ಮೆ ನಿಮ್ಮ ಕೈಯಾಗ ಏನೂ ಕೊಡಾಂಗಿಲ್ರಿ” ಎಂದಳು.

ಮುಂದಿನ ಸೋಮವಾರದಿಂದ ಹಾಜರಿಯಲ್ಲಿ ಅವಳ ಹೆಸರಿನ ಎದುರು ಗೈರು. ಇತಿಹಾಸದ ಪುಸ್ತಕಗಳು ಸಂಕ್ರಾಂತಿಯ ನಂತರ ಬಂದವು. ಅವಳ ಪ್ರತಿಯನ್ನು ತೆಗೆದುಕೊಂಡು ಒಂದು ಭಾನುವಾರ ಜೂರಾಲದ ಕಡೆಗೆ ಹೋದೆ. ಕೇಳಿ ಕೇಳಿ, ಗದ್ವಾಲದ ದಾರಿಯಲ್ಲಿ ಕೊಯ್ದ ಹೊಲವೊಂದರಲ್ಲಿ ಅವರ ಬಿಡಾರವನ್ನು ಕಂಡೆ. ಅವಳು ಮೂರು ಕಲ್ಲಿನ ಒಲೆಯ ಮೇಲೆ ಹಾಲು ಕಾಯಿಸುತ್ತಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ಪುಸ್ತಕವನ್ನು ತೆಗೆದುಕೊಂಡಳು.

“ಅಜ್ಜ ಬಂದ್ರ ಬರ್ತೀನ್ರಿ ಸಾರ್. ಊರಾಗ ಅಜ್ಜ ಇದ್ರ ಕಳಸ್ತೀನಂತ ಅಪ್ಪ ಅಂದಾನ.”

“ಮಾರ್ಚ್‌ನಲ್ಲಿ ಪರೀಕ್ಷೆ. ಹಾಜರಿ ಕಡಿಮೆಯಾಗಿದ್ದರೂ ನಾನು ಬರೆಸುತ್ತೇನೆ.”

“ಹೂಂನ್ರಿ.” ಒಲೆಗೆ ಕಟ್ಟಿಗೆ ಸರಿಸಿ, “ಆವತ್ತು ಉತ್ರ ನನಗ ಮರ್ತಿರ್ಲಿಲ್ರಿ ಸಾರ್” ಎಂದಳು. ಹಾಲು ಉಕ್ಕಿತು; ಅವಳು ಅತ್ತ ತಿರುಗಿದಳು.

ಅವಳ ಹಾಲ್‌ಟಿಕೆಟ್ ಬಂತು. ಪರೀಕ್ಷೆ ನಡೆದ ದಿನಗಳಲ್ಲೆಲ್ಲ ಅದನ್ನು ಜೇಬಿನಲ್ಲಿಟ್ಟುಕೊಂಡು ಮಕ್ತಲ್‌ನ ಕೇಂದ್ರದ ಬಾಗಿಲಲ್ಲಿ ಅವಳ ದಾರಿ ಕಾಯುತ್ತ ನಿಂತಿದ್ದೆ. ಕೊನೆಯ ಪರೀಕ್ಷೆಯೂ ಮುಗಿಯಿತು. ಅದಾದ ಐದನೆಯ ದಿನ ಅಜ್ಜ ಶಾಲೆಗೆ ಬಂದ. ಅಂಗಾಲು ಒಡೆದು ಬಟ್ಟೆ ಸುತ್ತಿಕೊಂಡಿದ್ದ. ಚೀಲದಲ್ಲಿ ಅರ್ಧದಷ್ಟು ಭಂಡಾರವಿತ್ತು.

“ಗದ್ವಾಲ ಮನಿಯವರು ಕೊಡಾಕ ಒಪ್ಪಲಿಲ್ಲ ಮೊದ್ಲು. ಹಿರೀ ಮನಿ ಆಗಿ ಹೆಂಗ ಕಳಕೊಂಡ್ರಿ ಅಂದ್ರು. ಅವರ ಅಂಗಳದಾಗ ಬಾಳ ದಿನ ಕುಂತೆ.” ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿದ. ನಾನು ಚಪ್ಪಲಿ ಬಿಟ್ಟಿರಲಿಲ್ಲ. ಅವನು ಅದನ್ನು ನೋಡಿಯೂ ಸುಮ್ಮನಾದ. “ಪರೀಕ್ಷಿ ಯಾವಾಗ್ರಿ?”

ಮುಗಿಯಿತು ಎಂದು ಹೇಳಿದೆ. ಅವನು ಬೆರಳು ಮಡಿಸಿ ಏನನ್ನೋ ಎಣಿಸಿ, ನಡುವೆಯೇ ಬಿಟ್ಟುಬಿಟ್ಟ.

ಹೊರಡುವ ಮುನ್ನ ನೋಂದಣಿ ಪುಸ್ತಕ ಕೇಳಿದ. ಚೀಲ ಮನೆಗೆ ಬಂದಿತೆಂದು ಬರೆದುಕೊಳ್ಳಿ, ನಿಮ್ಮ ಕಾಗದ ಬಾಕಿ ಉಳಿಯಬಾರದು ಎಂಬುದು ಅವನ ಕಾಳಜಿ. ಹೆಬ್ಬೆಟ್ಟು ಒತ್ತುತ್ತೀರಾ ಎಂದೆ.

“ತಂದಾಕಿ ಅಕಿ. ಅಕಿ ಬಂದು ಸಹಿ ಹಾಕ್ತಾಳ ಬಿಡ್ರಿ. ಕಲ್ತಾಳಲ್ಲ.”

ಜೂನ್ ತಿಂಗಳ ಪೂರಕ ಪರೀಕ್ಷೆಗೂ ಅರ್ಜಿ ತುಂಬಿದೆ. ಅವಳು ಬರಲಿಲ್ಲ; ಹಿಂಡಿನ ಜೊತೆಯಲ್ಲೇ ಉಳಿದಿದ್ದಾಳೆ ಎಂದಷ್ಟೇ ತಿಳಿಯಿತು. ಆಮೇಲೆ ಎರಡು ವರ್ಷ ನಾನು ಆ ಶಾಲೆಯಲ್ಲಿದ್ದೆ. ಸ್ವಯಂ ನಿವೃತ್ತಿ ಪಡೆಯುವಾಗ ಉಳಿದ ಕಡತಗಳನ್ನೆಲ್ಲ ಒಪ್ಪಿಸಿ, ಆ ಒಂದು ಪುಸ್ತಕವನ್ನು ಮಾತ್ರ ಕೇಳಿ ಮನೆಗೆ ತಂದೆ. ಹದಿನೇಳನೆಯ ಸಾಲಿನಲ್ಲಿ, ಬಂದಾಗಿನ ಸ್ಥಿತಿ ಎಂಬ ಕಾಲಂನಲ್ಲಿ ನನ್ನದೇ ಅಂದವಾದ ಅಕ್ಷರದಲ್ಲಿ ‘ಕೊಳಕು’ ಎಂದಿದೆ. ಅದರ ಮುಂದೆ ಮರಳಿಸಿದಾಗಿನ ಸ್ಥಿತಿ, ಸಹಿ, ಆ ಎರಡೂ ಮನೆಗಳು ಖಾಲಿ ಇವೆ.