ಎಡಗೆನ್ನೆಯ ಝೆಲೀ, ಬಲಗೆನ್ನೆಯ ಝೆಲೀ

ಪ್ಯಾರಿಸ್ಸಿನ ಮೊಂಮಾರ್ತ್ರ್ ಬೀದಿಗಳ ಹೆಂಡದಂಗಡಿಗಳಲ್ಲಿ ವರ್ಷಗಟ್ಟಲೆ ಹಾಡಿ ಗಂಟಲು ಹರಿದುಕೊಂಡ ಝೆಲೀಗೆ ಹೆಸರು ಬಂದದ್ದು ಹಾಡಿನಿಂದಲ್ಲ, ಕಲ್ಲಚ್ಚಿನ ಚಿತ್ರದಿಂದ. ಜನ ಕುಡಿಯುತ್ತ ಹಾಡು ಕೇಳುವ ಗಾನಶಾಲೆಯೊಂದರ ಯಜಮಾನ ಬುರ್ಗಾಸ್ ಅವಳನ್ನು ಸೇರಿಸಿಕೊಂಡು ಅವಳ ಆಳೆತ್ತರದ ಪೋಸ್ಟರ್ ಮಾಡಿಸಿದ. ಹಳದಿ ಲಂಗ, ಹಸಿರು ಕೈಗವಸು, ಕೆಂಡದಂಥ ಕೂದಲು, ಬಣ್ಣಕ್ಕೊಂದು ಅಚ್ಚುಕಲ್ಲು. ಕಲ್ಲಿನ ಮೇಲೆ ತಿರುಗುಮುರುಗಾಗಿ ಬರೆದರೆ ಕಾಗದದ ಮೇಲೆ ನೆಟ್ಟಗೆ ಬೀಳುತ್ತದೆ ಎನ್ನುವುದು ಅಚ್ಚುಕೂಟದ ಬೆಕ್ಕಿಗೂ ಗೊತ್ತು. ಆದರೆ ಚಿತ್ರಕಾರ ತಿಬೋ ಮಹಾಶಯರು ಅಂದು ಸ್ಫೂರ್ತಿಯಲ್ಲಿದ್ದರು. ಸ್ಫೂರ್ತಿ ಸೀಸೆಯಲ್ಲಿ ಬಂದಿತ್ತು. ಕಂಡದ್ದನ್ನು ಕಂಡ ಹಾಗೇ ಕಲ್ಲಿನ ಮೇಲೆ ಬರೆದುಬಿಟ್ಟರು. ಅಕ್ಷರ ಬರೆಯುವವನು ಬೇರೆಯವನಾದ್ದರಿಂದ ಹೆಸರೊಂದು ಸರಿಯಾಗಿ ಬಿತ್ತು. ಝೆಲೀಯ ಎಡಗೆನ್ನೆಯ ಮಚ್ಚೆ ಮಾತ್ರ ಊರ ಗೋಡೆಗಳ ಮೇಲೆಲ್ಲ ಬಲಗೆನ್ನೆಗೆ ಹೋಗಿ ಕೂತಿತು.

"ಯಜಮಾನ್ರೇ, ಇದು ನಾನಲ್ಲ," ಎಂದಳು ಝೆಲೀ.

"ಪ್ಯಾರಿಸ್ ತುಂಬ ಅಂಟಿಸಾಗಿದೆ ಕಣಮ್ಮ. ಕಿತ್ತು ಮತ್ತೆ ಅಂಟಿಸೋಕೆ ನಿಮ್ಮಪ್ಪ ಬರ್ತಾನಾ? ಮಚ್ಚೆ ತಾನೇ, ಆ ಕಡೆ ಇಟ್ಕೋ."

ಹೊಟ್ಟೆಪಾಡು. ದೇವರು ಕೊಟ್ಟ ಮಚ್ಚೆಗೆ ಪೌಡರ್ ಬಳಿದು, ತಿಬೋ ಕೊಟ್ಟ ಮಚ್ಚೆಯನ್ನು ಮಸಿಯಲ್ಲಿ ಬರೆದುಕೊಂಡು ರಂಗಕ್ಕೆ ಹೋದಳು. ಜನ ಮುಗಿಬಿದ್ದರು. ಗೋಡೆಯ ಮೇಲಿದ್ದದ್ದೇ ರಂಗದ ಮೇಲೂ ಇದೆಯಲ್ಲ ಎಂಬ ಪರಮಾನಂದ. ಹಾಡು ಯಾರಿಗೆ ಬೇಕಿತ್ತು? ಆದರೂ "ಝೆಲೀ! ಝೆಲೀ!" ಎಂದು ಅವರು ಕೂಗುವಾಗ ಅವಳ ಕಣ್ಣು ತುಂಬುತ್ತಿತ್ತು. ಗಂಡನಿಲ್ಲ, ಮನೆಯಿಲ್ಲ, ಅವಳದು ಅಂತ ಇದ್ದದ್ದು ಆ ಕೂಗೊಂದೇ.

ಆಗಸ್ಟಿನ ಸೆಕೆ, ಮೇಲೆ ಗ್ಯಾಸ್ ದೀಪಗಳ ಉರಿ. ಒಂದು ಸಂಜೆ ಎರಡನೇ ಹಾಡಿಗೇ ಬಲಗಡೆಯ ಮಸಿ ಗದ್ದಕ್ಕಿಳಿಯಿತು. ಎಡಗಡೆಯ ಪೌಡರ್ ಬೆವರಿಗೆ ತೊಳೆದುಹೋಗಿ ಹುಟ್ಟುಮಚ್ಚೆ ಹೊರಬಿತ್ತು.

"ಏಯ್, ಇವಳು ಝೆಲೀ ಅಲ್ಲ ಕಣ್ರೋ!" ಮುಂದಿನ ಮೇಜಿನ ಕಟುಕನೊಬ್ಬ ಎದ್ದು ನಿಂತ. "ನಕಲಿ ಮಾಲು! ನಮ್ಮ ಝೆಲೀನ ಕರೀರಿ!"

"ಹುಟ್ಟಿದಾಗಿಂದ ನಾನೇ ಕಣಯ್ಯಾ ಝೆಲೀ!"

"ಹೋಗ್ ಹೋಗೇ, ಹೊರಗೆ ಗೋಡೆ ನೋಡ್ಕೊಂಡ್ ಬಾ!"

ಮೂಲಂಗಿಗಳು ಹಾರಿ ಬಂದವು.

ಬುರ್ಗಾಸ್ ಬುದ್ಧಿವಂತ, ಒಪ್ಪಬೇಕು. ಬಲಗೆನ್ನೆಯಲ್ಲೇ ಮಚ್ಚೆಯಿದ್ದ, ಬಟ್ಟೆ ಒಗೆಯುವ ಹುಡುಗಿಯೊಬ್ಬಳನ್ನು ಹುಡುಕಿ ತಂದು, ಕೂದಲಿಗೆ ಬಣ್ಣ ಹಚ್ಚಿಸಿ, ಹಸಿರು ಕೈಗವಸು ತೊಡಿಸಿ ನಿಲ್ಲಿಸಿದ. ಹೆಸರನ್ನೂ ಪೋಸ್ಟರಿನದೇ ಇಟ್ಟ. ಕಂಠ ಕಾಗೆಯದು, ಆದರೆ ಮಚ್ಚೆ ಬೆವರಿಗೆ ಜಗ್ಗುವಂಥದ್ದಲ್ಲ.

ಹಳೆಯ ಝೆಲೀ ಟಿಕೆಟ್ ತೆಗೆದುಕೊಂಡು ಕೊನೆಯ ಬೆಂಚಿನಲ್ಲಿ ಕೂತಳು. ಹಾಡು ಮುಗಿಯಿತು. ಜನ ಕೂತಲ್ಲೇ ಮೇಜು ಗುದ್ದುತ್ತ "ಝೆಲೀ! ಝೆಲೀ!" ಎಂದರು. ಅಭ್ಯಾಸಬಲ; ಅವಳು ಎದ್ದು ನಿಂತು, ಲಂಗದ ಅಂಚು ಹಿಡಿದು ತಲೆಬಾಗಿದಳು.

ಹಿಂದೆ ಗೋಡೆಗೊರಗಿ ಸ್ಟೂಲಿನ ಮೇಲೆ ಕೂತಿದ್ದ ಮುದುಕ ಅವಳ ಹೆಗಲು ತಟ್ಟಿದ.

"ಸ್ವಲ್ಪ ಕೂತ್ಕೊಳಮ್ಮಾ. ಝೆಲೀ ಕಾಣ್ತಿಲ್ಲ."