ಸೊನ್ನೆಗಿಂತ ಕೆಳಗೆ

ಹಿಮಬೆಟ್ಟಗಳ ಬುಡದ ಊರು ಕರಾಕೋಲಿನ ತಾಂತ್ರಿಕ ಕಾಲೇಜಿನಲ್ಲಿ ಬುರುಲ್ಚಾ ಮೂವತ್ತೊಂದು ವರ್ಷ ಒಂದೇ ಪಾಠ ಕಲಿಸಿದಳು: ಯಂತ್ರ ಅಂಕಿಗಳನ್ನು ತನ್ನೊಳಗೆ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದು. ಅವಳ ತರಗತಿಯಲ್ಲಿ ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ಚೌಕುಳಿ ಹಾಳೆ, ಪೆನ್ಸಿಲ್, ಬರೀ ಒಂದು ಮತ್ತು ಸೊನ್ನೆ. ಹುಡುಗರು ಬೆನ್ನ ಹಿಂದೆ ಅವಳನ್ನು ಪೆನ್ಸಿಲ್ ಅಕ್ಕ ಎನ್ನುತ್ತಿದ್ದರು.

ಗಂಡ ಜೆಕ್ಷೆನ್ ಊರಾಚೆಯ ಹಣ್ಣಿನ ತೋಟದಲ್ಲಿ ಇಪ್ಪತ್ತೆರಡು ವರ್ಷ ಕಸಿ ಕಟ್ಟಿ ಒಂದು ಹೊಸ ಸೇಬಿನ ತಳಿ ಪಡೆದಿದ್ದ. ಜೇನುಬಣ್ಣದ್ದು, ಎಲ್ಲಕ್ಕಿಂತ ಮೊದಲು ಹಣ್ಣಾಗುವಂಥದ್ದು. ಅವನು ತೀರಿಕೊಂಡ ಮರುವರ್ಷ ತಾಯಿಮರ ಗಾಳಿಗೆ ಉರುಳಿತು. ಉಳಿದದ್ದು ಗಾಜಿನ ಮನೆಯೊಳಗಿನ ನಲವತ್ತು ಕಸಿಗಿಡಗಳಷ್ಟೇ. ಹೊರಗಿನ ಹವೆ ನೋಡಿ ಅಲ್ಲಿನ ಒಲೆ ಹಚ್ಚುವ, ಕಿಟಕಿ ತೆರೆಯುವ ಪೆಟ್ಟಿಗೆಗೆ ಪ್ರೋಗ್ರಾಂ ಬರೆದವಳು ಬುರುಲ್ಚಾ.

ಈಗ ತೋಟದವರಿಗೆ ಎಲ್ಲವೂ ಫೋನಿನಲ್ಲಿ ಕಾಣಬೇಕಿತ್ತು. ಏಪ್ರಿಲ್ ನಡುವೆ ಹೊಸ ಪ್ರೋಗ್ರಾಂ ಹಾಕಿದವನು ಅವಳದೇ ಶಿಷ್ಯ ಎಲ್ದಿಯಾರ್.

"ಎರಡೇ ದಿನ ಅಕ್ಕಾ! ಹಿಂಗಿಂಗೆ ಬೇಕು ಅಂದೆ, ಕಂಪ್ಯೂಟರೇ ಬರ್ಕೊಡ್ತು."

"ಚಳಿ ಸೊನ್ನೆಗಿಂತ ಕೆಳಗೆ ಹೋದ್ರೆ?"

"ಅಯ್ಯೋ, ಇನ್ನೂ ಅದೇ ಪಾಠಾನಾ? ಆ ಒಂದು ಸೊನ್ನೆ ಎಲ್ಲ ಈಗ ಯಾರು ನೋಡ್ತಾರೆ, ಬಿಡಿ."

ಅವಳು ನಕ್ಕುಬಿಟ್ಟಳು. ಹುಡುಗನ ಮೇಲೆ ಅಕ್ಕರೆ.

ಹನ್ನೆರಡು ದಿನ ಹೂಬಿಸಿಲು. ಹದಿಮೂರನೆಯ ಮುಂಜಾವ ಬೆಟ್ಟದಿಂದ ಚಳಿ ಇಳಿಯಿತು, ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ. ಬುರುಲ್ಚಾ ಹೋಗಿ ನೋಡಿದರೆ ಗಾಜಿನ ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿದ್ದವು, ಒಲೆ ಆರಿತ್ತು. ಚಿಗುರುಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಕಸಿ ಕೂಡಿದ ಜಾಗವನ್ನು ಉಗುರಿನಿಂದ ಕೆರೆದಳು. ಒಳಗೂ ಕಪ್ಪು. ನಲವತ್ತನ್ನೂ ಕೆರೆದಳು.

ಮಧ್ಯಾಹ್ನ ಎಲ್ದಿಯಾರ್ ಅವಳ ಅಡುಗೆಮನೆಗೆ ಬಂದ. ಮುಖ ಸುಣ್ಣದಂತಿತ್ತು.

"ಅಂಥಾ ಚಳೀಲಿ ಕಿಟಕಿ ಯಾಕೆ ತೆಗೀತೋ ತಿಳೀತಿಲ್ಲ ಅಕ್ಕಾ."

ಅವಳು ಚೌಕುಳಿ ಹಾಳೆ, ಪೆನ್ಸಿಲ್ ಮುಂದಿಟ್ಟಳು. "ಎಂಟು ಮನೆ ಹಾಕು. ಮೈನಸ್ ಎರಡು ಬರಿ."

ಅವನು ಎಂಟು ಮನೆ ಗೀಚಿ ಅವಳ ಮುಖ ನೋಡಿದ.

"ಮೊದ್ಲು ಒಂದು ಸೊನ್ನೇಲೇ ಎರಡು ಬರಿ. ಒಂದಿದ್ದಲ್ಲಿ ಸೊನ್ನೆ ಹಾಕು, ಸೊನ್ನೆ ಇದ್ದಲ್ಲಿ ಒಂದು. ಈಗ ಒಂದು ಕೂಡು."

ಏಳು ಒಂದುಗಳು, ಕೊನೆಗೊಂದು ಸೊನ್ನೆ.

"ಯಂತ್ರ ಮೈನಸ್ ಎರಡನ್ನ ಇಟ್ಕೊಳ್ಳೋದು ಹೀಗೆ. ಈಗ ಮೈನಸ್ ಅನ್ನೋದು ಇದೆ ಅಂತ್ಲೇ ಗೊತ್ತಿಲ್ಲದವ್ನ ಥರ ಓದು."

"ಇನ್ನೂರ ಐವತ್ತ..." ಅವನು ಮತ್ತೊಮ್ಮೆ ಕೂಡಿದ. "ಐವತ್ತನಾಲ್ಕು."

"ನಿನ್ ಪ್ರೋಗ್ರಾಂ ಹೊರಗೆ ಅಷ್ಟು ಡಿಗ್ರಿ ಸೆಖೆ ಅಂದ್ಕೊಂಡಿದೆ. ಗಿಡ ಸುಟ್ಟುಹೋಗ್ಬಾರ್ದು ಅಂತ ಗಾಳಿ ಬಿಟ್ಟಿದೆ, ಪಾಪ."

"ಬೈದುಬಿಡಿ ಅಕ್ಕಾ."

"ಯಾರಿಗೆ ಬೈಲಿ? ಪರೀಕ್ಷೇಲಿ ಇದೇ ಲೆಕ್ಕ ನೀನು ಖಾಲಿ ಬಿಟ್ಟಿದ್ದೆ. ನಿಮ್ಮಪ್ಪ ತೀರ್ಕೊಂಡು ನಲವತ್ತು ದಿನಾನೂ ಆಗಿರ್ಲಿಲ್ಲ. ಹೋಗ್ಲಿ ಅಂತ ನಾನೇ ಪಾಸು ಮಾಡ್ದೆ."

ಅವಳು ಚಹಾ ಸುರಿಯತೊಡಗಿದಳು. ಆ ಮನೆಯಲ್ಲಿ ಯಾರಿಗೂ ಅರ್ಧ ಬಟ್ಟಲಿಗಿಂತ ಹೆಚ್ಚು ಸುರಿದದ್ದಿಲ್ಲ. ಆ ಕಡೆಯ ರೂಢಿಯಲ್ಲಿ, ತುಂಬಿಸಿ ಕೊಟ್ಟರೆ ಬಂದವರಿಗೆ ಎದ್ದು ಹೋಗು ಎಂದಂತೆ. ಕಣ್ಣು ಕಿಟಕಿಯಾಚೆ ಇತ್ತು, ಕೈ ನಿಲ್ಲಲಿಲ್ಲ. ಚಹಾ ಅಂಚಿಗೆ ಬಂದು ತುಳುಕಿತು.

ಎಲ್ದಿಯಾರ್ ಬಟ್ಟಲು ನೋಡಿದ. ಟೋಪಿ ಎತ್ತಿಕೊಂಡು ಎದ್ದ.

ಹಾಗಲ್ಲ ಕಂದಾ, ಕೂತ್ಕೋ, ಎನ್ನಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಬಹಳ ಹೊತ್ತಾದ ಮೇಲೆ ಮೇಜು ಒರೆಸಲು ಬಂದಾಗ ಚಹಾ ಆರಿಹೋಗಿತ್ತು. ಹಾಳೆ ಇರಲಿಲ್ಲ. ಪೆನ್ಸಿಲ್ಲೂ ಇರಲಿಲ್ಲ, ಅವನು ಒಯ್ದಿದ್ದ.