ಹಿಮದಲ್ಲಿ ನಿಂತ ಹಾನ್ಸ್

ಈ ಬೆಳಿಗ್ಗೆ ಯಲಹಂಕದ ನಮ್ಮ ಬೀದಿಯಲ್ಲಿ ಯಾರೋ ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಕಟ್ಟುತ್ತಿದ್ದರು. ಪೇಂಟು ಇನ್ನೂ ಒಣಗಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಮೆರಿಕದ ಹಿಮದಲ್ಲಿ ಟ್ರಂಕು ಹಿಡಿದು ನಿಂತ ಹಾನ್ಸ್ ಎಂಬ ಜರ್ಮನ್ ಹುಡುಗ ನೆನಪಾದ. ನಿಮಗೆ ಅವನ ಪರಿಚಯವಿರಲು ಸಾಧ್ಯವಿಲ್ಲ. ಅವನು ಹುಟ್ಟಿದ್ದು ಆರ್.ಟಿ. ನಗರದಲ್ಲಿರುವ ನಮ್ಮ ವಿಮಲತ್ತೆಯ ತಲೆಯಲ್ಲಿ.

ವಿಮಲತ್ತೆ ನನ್ನ ತಂದೆಯ ತಂಗಿ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವರು. ಎರಡೂ ಮಹಾಯುದ್ಧಗಳನ್ನು ವರ್ಷವರ್ಷವೂ ಪರೀಕ್ಷೆಗೆ ಮುಂಚೆಯೇ ಮುಗಿಸಿಕೊಟ್ಟವರು. ನಿವೃತ್ತಿಯಾದ ಮೇಲೆ ಕಾದಂಬರಿ ಬರೆಯಲು ಕೂತರು. ಮೊದಲ ಮಹಾಯುದ್ಧದ ಕಾಲ. ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಯುವಕನೊಬ್ಬನನ್ನು ಊರಿಗೆ ಊರೇ ಗೂಢಚಾರನೆಂದು ಅನುಮಾನಿಸುವ ಕಥೆ. ಅತ್ತೆಯಾದರೋ, ಅಮೆರಿಕ ಹಾಗಿರಲಿ, ಹೆಬ್ಬಾಳದ ಫ್ಲೈಓವರ್ ದಾಟುವುದಕ್ಕೂ ಹಿಂದೆಮುಂದೆ ನೋಡುವವರು. ನಮ್ಮ ಕಡೆಯ ಕಥೆ ಬರೆಯಬಾರದೇ ಎಂದು ಕೇಳಿದ್ದೆ.

“ನಮ್ಮೋರ ಕಥೆ ಬರೆದ್ರೆ ನಮ್ಮೋರೇ ಜಗಳಕ್ಕೆ ಬರ್ತಾರೆ ಕಣೋ. ಅಮೆರಿಕದಿಂದ ಯಾರು ಬರ್ತಾರೆ, ಬಸ್ ಹಿಡ್ಕೊಂಡು?”

ಟೈಪು ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಭಾನುವಾರಗಳಂದು ಲ್ಯಾಪ್‌ಟಾಪ್ ಹೊತ್ತು ಹೋಗುತ್ತಿದ್ದೆ. ಬರೀ ಟೈಪು ಮಾಡಿದರೆ ನನ್ನ ಘನತೆಗೆ ಸಾಲದೆಂದು, ತಪ್ಪು ಹುಡುಕುವ ಹುದ್ದೆಯನ್ನೂ ನಾನೇ ವಹಿಸಿಕೊಂಡೆ. ಹಡಗಿಳಿದು ಹಿಡಿದ ಮೊದಲ ಬಾಡಿಗೆ ಕೋಣೆಯಲ್ಲೇ ಹಾನ್ಸ್ ಹಾಲುಕ್ಕಿಸಿದ. ನನ್ನ ಬೆರಳು ನಿಂತಿತು.

“ಅತ್ತೆ, ಅವರಲ್ಲಿ ಆ ಪದ್ಧತಿ ಇಲ್ಲ.”

“ಹಾಲು ಇಲ್ವೇನೋ ಅವರಲ್ಲಿ?”

“ಇದೆ.”

“ಒಲೆ?”

“ಇದೆ.”

“ಮತ್ತೇನು ನಿನ್ನ ತಕರಾರು? ಬರಿ.”

ಬರೆದೆ. ಮನೆ ನೋಡಲು ಹೋದಲ್ಲೆಲ್ಲ ಹಾನ್ಸ್ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ವಿಚಾರಿಸಿದ. ಅದನ್ನೂ ಬರೆದೆ.

ಬರೆದಷ್ಟನ್ನು ಅತ್ತೆ ಸಂಜೆ ಜಗಲಿಯಲ್ಲಿ ಓದುತ್ತಿದ್ದರು. ಖಾಯಂ ಶ್ರೋತೃ ಎದುರುಮನೆಯ ಷಮೀಮ್. ಮನೆಯಲ್ಲಿ ದಖನಿ ಉರ್ದು ಮಾತಾಡುವ ಆಕೆಗೆ ಕನ್ನಡ ಓದಲು ಬಾರದು, ಆದರೆ ಕಥೆ ಕೇಳಿ ಅಳುವುದಕ್ಕೆ ಓದು ಏಕೆ ಬೇಕು? ಹಾನ್ಸ್‌ನನ್ನು ಬೇಕರಿಯವರು ಕೆಲಸದಿಂದ ತೆಗೆದ ದಿನ ಆಕೆ ಎಂದಿನಂತೆ ನಮಗೆ ಚಹಾ ಕಳಿಸುವುದನ್ನೇ ಮರೆತಿದ್ದರು.

ಹನ್ನೊಂದನೆಯ ಅಧ್ಯಾಯದಲ್ಲಿ ಕಥೆ ಕೆಟ್ಟು ನಿಂತಿತು. ಇದ್ದ ಕೋಣೆಯಿಂದಲೂ ಹೊರಬಿದ್ದ ಹಾನ್ಸ್ ಹಿಮ ಸುರಿಯುವ ಸಂಜೆ ಮಿಸೆಸ್ ಪಾರ್ಕರ್ ಎಂಬ ವಿಧವೆಯ ಬಾಗಿಲು ತಟ್ಟುತ್ತಾನೆ. ಆಕೆಯ ಮಹಡಿ ಖಾಲಿಯಿದೆ. ಆಕೆ ಬಾ ಎಂದರೆ ಅವನೂ ಉಳಿದ, ಕಾದಂಬರಿಯೂ ಉಳಿಯಿತು. ಆದರೆ ಆಕೆ ಏನು ಮಾಡಿದರೂ ಬಾಯಿ ಬಿಡಲೊಲ್ಲಳು.

“ಒಂಟಿ ಹೆಂಗಸು ಕಣೋ. ಯಾವ ಧೈರ್ಯದ ಮೇಲೆ ಕೊಡ್ತಾಳೆ? ನಾನಾಗಿದ್ರೆ ಕೊಡ್ತಿದ್ನಾ? ಸುಳ್ಳು ಬರೆಯೋಕೆ ಆಗಲ್ಲ ನನ್ ಕೈಲಿ,” ಎನ್ನುತ್ತಿದ್ದರು ಅತ್ತೆ. ಅನ್ನ ಸೇರದು, ನಿದ್ದೆ ಹತ್ತದು. ಅಷ್ಟು ವರ್ಷ ನೌಕರಿ ಮಾಡಿದಾಗಲೂ ಅವರು ಹಾಗೆ ಸೊರಗಿದ್ದನ್ನು ನಾನು ನೋಡಿರಲಿಲ್ಲ.

ಷಮೀಮ್ ದಿನಾ ಸಂಜೆ ತಮ್ಮ ಕಾಂಪೌಂಡಿನಿಂದಲೇ ಕೂಗುತ್ತಿದ್ದರು: “ಟೀಚರ್, ಹಾನ್ಸ್ ಇನ್ನೂ ಹೊರಗೇನಾ?”

“ಹೊರಗೇ ಕಣ್ರೀ.”

“ಯಾ ಅಲ್ಲಾ! ಸ್ವೆಟರ್ ಆದ್ರೂ ಹಾಕ್ರೀ ಆ ಹುಡುಗನಿಗೆ.”

ಅತ್ತೆ ಸ್ವೆಟರ್ ಹಾಕಿದರು. ಮುಂದಿನ ಭಾನುವಾರ ಕುಲಾವಿಯನ್ನೂ ತೊಡಿಸಿದರು. ಅಮೆರಿಕದ ಆ ಸಂಜೆ ಮಾತ್ರ ಮುಗಿಯಲಿಲ್ಲ.

ಇತ್ತ ಅತ್ತೆಯ ಸ್ವಂತ ಮಹಡಿಯೂ ಖಾಲಿಯೇ ಇತ್ತು. ಗೇಟಿನ ಪಕ್ಕದ ಕಂಬದಲ್ಲಿ ಬೋರ್ಡು: ‘ಮನೆ ಬಾಡಿಗೆಗಿದೆ, ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ’. ಬಂದವರಲ್ಲಿ ಅತ್ತೆಗೆ ಏನಾದರೊಂದು ಕೊರತೆ ಕಾಣುತ್ತಿತ್ತು. ಆಗ “ಮನೆ ಆಗ್ಲೇ ಹೋಯ್ತಲ್ಲ” ಎಂದುಬಿಡುತ್ತಿದ್ದರು, ಬೋರ್ಡು ತಲೆಯ ಮೇಲೇ ತೂಗಾಡುತ್ತಿದ್ದರೂ. ಬೆಂಗಳೂರಿನಲ್ಲಿ ಮನೆ ಹುಡುಕಿದ ಯಾರಿಗಾದರೂ ಆ ಮಾತಿನ ಅರ್ಥ ಗೊತ್ತು. ಸುಮ್ಮನೆ ಹೋಗುತ್ತಿದ್ದರು.

ಒಂದು ಭಾನುವಾರ ಬ್ರೋಕರ್ ಮುನಿರಾಜು ಬಂದ. ಹಿಂದೆ ಸೂಟ್‌ಕೇಸು ಹಿಡಿದ, ಬಾಗಿಲಿಗಿಂತ ಎತ್ತರದ ಬಿಳಿಯ ಹುಡುಗ.

“ಟೀಚರಮ್ಮ, ನಿಮ್ಗೆ ಜರ್ಮನಿ ಅಂದ್ರೆ ಪ್ರಾಣ ಅಂತ ಬೀದಿಗೆಲ್ಲ ಗೊತ್ತು. ಅಸಲಿ ಮಾಲೇ ತಂದಿದೀನಿ!”

ಹುಡುಗನ ಹೆಸರು ಯೋನಾಸ್. ಪೀಣ್ಯದ ಕಾರ್ಖಾನೆಯೊಂದಕ್ಕೆ ತರಬೇತಿಗೆ ಬಂದವನು. ಇದ್ದ ಪಿ.ಜಿ.ಯನ್ನು ಮಾಲೀಕರು ಮಾರಿದ್ದರಿಂದ ಅಂದೇ ಖಾಲಿ ಮಾಡಿ ಬಂದಿದ್ದ. ಹಾಳೆಯಿಂದ ಎದ್ದು ಬಂದ ಹಾನ್ಸ್‌ನನ್ನು ಅತ್ತೆ ಅಪ್ಪಿಕೊಂಡೇಬಿಡುತ್ತಾರೆ ಎಂದುಕೊಂಡೆ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, ಮನೆ ಆಗಲೇ ಹೋಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮುನಿರಾಜು ತಲೆ ಕೆರೆದುಕೊಂಡು ಹೊರಟ. ಯೋನಾಸ್ ಹೊರಡಲಿಲ್ಲ. ಅವನು ಆ ಮಾತನ್ನು ನಂಬಿದ್ದ! ಬೋರ್ಡಿನತ್ತ ನೋಡಿ, ಹಾಗಾದರೆ ಇದು ಇನ್ನು ಬೇಡವಲ್ಲ, ನಿಮಗೆ ಎಟುಕುವುದೂ ಕಷ್ಟ ಎಂದು, ಕೈ ಚಾಚಿ ಅದನ್ನು ಕಂಬದಿಂದ ಬಿಡಿಸಿದ. ಕರ್ಚೀಫಿನಿಂದ ದೂಳು ಒರೆಸಿ ಎರಡೂ ಕೈಯಿಂದ ಅತ್ತೆಗೆ ಕೊಟ್ಟ. ಆಮೇಲೆ ಸೂಟ್‌ಕೇಸು ಎತ್ತಿಕೊಂಡು ಗೇಟು ದಾಟಿದ. ಸಣ್ಣಗೆ ಹನಿ ಶುರುವಾಯಿತು.

ಎದುರುಮನೆಯಲ್ಲಿ ತಂತಿಯ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಿದ್ದ ಷಮೀಮ್‌ಗೆ ಇದಾವುದೂ ಕಂಡಿರಲಿಲ್ಲ. ಅತ್ತೆಯ ತಲೆ ಕಂಡದ್ದೇ ಎಂದಿನಂತೆ ಕೂಗಿದರು: “ಟೀಚರ್, ಹಾನ್ಸ್ ಇನ್ನೂ ಹೊರಗೇನಾ?”

ಬೋರ್ಡನ್ನು ಎದೆಗವಚಿಕೊಂಡು ನಿಂತಿದ್ದ ಅತ್ತೆಯ ಮುಖ ಕೆಂಪಾಯಿತು.

“ಇಲ್ಲ ಕಣ್ರೀ. ಬಂದ ಒಳಗೆ,” ಎಂದವರೇ ಬೀದಿಯತ್ತ ತಿರುಗಿ, ಕ್ಲಾಸಿನ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಕೂಗಿದರು. “ಏಯ್, ಬಾರೋ ಒಳಗೆ! ನೆನೀತೀಯ!”

ಕನ್ನಡದ ಒಂದು ಅಕ್ಷರ ತಿಳಿಯದಿದ್ದರೂ ಅವನು ಬಂದ. ಮಿಸೆಸ್ ಪಾರ್ಕರ್ ಕೂಡ ಅಂದೇ ಬಾಯಿ ಬಿಟ್ಟಳು, ಅದೇ ಮಾತು. ಯೋನಾಸ್ ಮಹಡಿಯಲ್ಲಿ ಹಾಲುಕ್ಕಿಸಿದಾಗ ಅತ್ತೆ ನನ್ನ ಕಡೆ ತಿರುಗಿ, “ಜರ್ಮನಿಯವ್ರು ಉಕ್ಕಿಸ್ತಾರೋ ಇಲ್ವೋ?” ಎಂದು ಕೇಳಿದರು.

ಯೋನಾಸ್ ಮಾಂಸ ಮುಟ್ಟುತ್ತಿರಲಿಲ್ಲವಾಗಿ ಬೋರ್ಡಿನ ಅರ್ಧ ಮರ್ಯಾದೆಯೂ ಉಳಿಯಿತು. ಆದರೆ ಕಾದಂಬರಿಗೆ ಅವನಿಂದ ಕವಡೆಯಷ್ಟೂ ಉಪಯೋಗವಾಗಲಿಲ್ಲ. “ಜರ್ಮನ್ ಅಂತೆ, ಯುದ್ಧದ ವಿಷ್ಯ ಏನೂ ಗೊತ್ತಿಲ್ಲ!” ಎಂದು ಅತ್ತೆ ಬೈದುಕೊಳ್ಳುತ್ತಲೇ ಅವನಿಗೆ ದೋಸೆ ಹಾಕುತ್ತಿದ್ದರು. ಎರಡು ವರ್ಷ ಇದ್ದ. ಮೊನ್ನೆ ಮೊನ್ನೆ ತರಬೇತಿ ಮುಗಿಸಿ ಊರಿಗೆ ಹೋದ.

ಕಾದಂಬರಿ ಈಗ ಕೊನೆಯ ಅಧ್ಯಾಯದಲ್ಲಿದೆ. ಯುದ್ಧ ಮುಗಿದಿದೆ, ದೂರದ ಊರಿನಲ್ಲಿ ಮದುವೆಗೆ ಹುಡುಗಿ ಕಾದಿದ್ದಾಳೆ. ಹಾನ್ಸ್ ಮಾತ್ರ ಮಿಸೆಸ್ ಪಾರ್ಕರ್ ಮನೆ ಬಿಟ್ಟು ಕದಲುತ್ತಿಲ್ಲ. ಮೊದಲು ಜ್ವರ ಬಂತು. ಆಮೇಲೆ ರೈಲ್ವೆ ಮುಷ್ಕರ. ಹೋದ ವಾರ ಕೇಳಿದರೆ, “ಆಷಾಢ ಕಳೀಲಿ ಕಣೋ,” ಎಂದರು.

ಇವತ್ತು ಭಾನುವಾರ. ಹೋದೆ. “ಇವತ್ತು ಕಳಿಸಿಬಿಡೋಣ,” ಎಂದು ಅತ್ತೆ ಗಟ್ಟಿ ಮನಸ್ಸು ಮಾಡಿ ಕೂತರು. ಹಾನ್ಸ್ ಟ್ರಂಕು ಕಟ್ಟಿದ, ಮೆಟ್ಟಿಲಿಳಿದ, ಮಿಸೆಸ್ ಪಾರ್ಕರ್ ಬಾಗಿಲಿಗೆ ಬಂದಳು. ಅಲ್ಲಿಗೆ ಅತ್ತೆಯ ದನಿ ನಿಂತಿತು. ಸದ್ದಿಲ್ಲದ ಮಹಡಿಯತ್ತ ಒಮ್ಮೆ ನೋಡಿ, “ಉಳಿದಿದ್ದು ನೀನೇ ಬರ್ಕೋ. ನನ್ ಕೈಲಿ ಆಗಲ್ಲ,” ಎಂದು ಒಳಗೆ ಹೋದರು.

ನಾನೊಬ್ಬನೇ ಕೂತೆ. ಆ ಊರಿನ ರೈಲಿನ ವೇಳೆಯನ್ನು ಹುಡುಕಿ ಸರಿಪಡಿಸಿದವನು ನಾನೇ. ಅದನ್ನು ಅಳಿಸಿ, ‘ಇವತ್ತಿನ ರೈಲು ರದ್ದಾಯಿತು’ ಎಂದು ಟೈಪು ಮಾಡಿದೆ.

ಅತ್ತೆ ಬಂದು ನನ್ನ ಭುಜದ ಮೇಲಿಂದ ಬಗ್ಗಿ ಓದಿದರು.

“ಹಂಗಾದ್ರೆ ಊಟಕ್ಕಿರ್ತಾನೆ,” ಎಂದು ಅಕ್ಕಿ ತೊಳೆಯಲು ಹೋದರು.